ಗಿರಿದರ್ಶನವೊ, ಗಿರಿಮರ್ದನವೊ?

ಕೃಷ್ಣರಾಜಪೇಟೆಯ ತಾಲ್ಲೂಕಿಗೆ ಸೇರಿದ ಗೋವಿಂದನಹಳ್ಳಿಯಿಂದಲೂ ಅದರ ಸುತ್ತಣ ಗ್ರಾಮಗಳಿಂದಲೂ ಮಲೆಯ ಸೀಮೆಗೆ ವಿನೋದ ಸಂಚಾರ ಹೊರಡುವ ವಾಡಿಕೆಯು ಈಚಿನ ವರ್ಷಗಳಲ್ಲಿ ಬಹಳವಾಗಿ ಬೆಳೆದಿರುವುದಷ್ಟೆ. ಮುಂಗಾರು ಹಿಡಿದು ಎರಡು ವಾರವಾಯಿತೆಂದರೆ ಸಾಕು, ಶನಿವಾರದ ಬೆಳಗಿನ ಜಾವದಲ್ಲಿ ಬಾಡಿಗೆಯ ಗಾಡಿಗಳು ಕಿಕ್ಕೇರಿಯ ರಸ್ತೆಯನ್ನು ಹಿಡಿದು, ಚನ್ನರಾಯಪಟ್ಟಣ ಹಾಸನಗಳನ್ನು ಕಳೆದು, ಬೇಲೂರನ್ನು ದಾಟಿ, ಕೆಲವು ಚಿಕ್ಕಮಗಳೂರಿನ ಕಡೆಗೂ ಕೆಲವು ಮೂಡಿಗೆರೆಯ ಕಡೆಗೂ ತಿರುಗುವುವು. ಮುಳ್ಳಯ್ಯನಗಿರಿಯ ಮಂಜು, ಕೊಟ್ಟಿಗೆಹಾರದ ಮಳೆ, ಕೆಳಗೂರಿನ ಚಹದ ತೋಟ, ರಾಣಿಝರಿಯ ಕಮರಿ, ಇವಿಷ್ಟನ್ನೂ ಎರಡು ಹಗಲಿನೊಳಗೆ ಮುಗಿಸಿ, ಭಾನುವಾರದ ನಡುರಾತ್ರಿಗೆ ಮನೆ ಸೇರುವರು. ತಂದದ್ದೇನೆಂದು ನೋಡಿದರೆ, ಕೈಯಂತ್ರದಲ್ಲಿ ನಾನೂರು ಚಿತ್ರಗಳು, ಒಂದು ಪೊಟ್ಟಣ ಚಹದ ಪುಡಿ, ಜೇನೆಂದು ಹೇಳಿ ಮಾರಿದ ಒಂದು ಸೀಸೆ ಪಾಕ.

ಇದರಲ್ಲಿ ತಪ್ಪೇನೆಂದು ಯಾರಾದರೂ ಕೇಳಬಹುದು. ವರ್ಷವೆಲ್ಲ ಕಬ್ಬಿನ ಗದ್ದೆಯಲ್ಲಿಯೊ ಕಚೇರಿಯ ಮೇಜಿನ ಮುಂದೆಯೊ ಬೆಂದವರು ಎರಡು ದಿನ ತಂಪಾದ ಗಾಳಿಯನ್ನು ಕುಡಿದು ಬಂದರೆ ಲೋಕಕ್ಕೆ ಬಂದ ನಷ್ಟವೇನು? ನಷ್ಟವು ಲೋಕಕ್ಕಲ್ಲ, ನಷ್ಟವು ಹೋದವರಿಗೇ, ಅವರ ಗದ್ದೆಗೇ, ಅವರ ಮನೆಯ ಕೊಡಕ್ಕೇ. ಅದು ಹೇಗೆಂಬುದನ್ನು ಬಿಡಿಸಿ ಹೇಳುವುದಕ್ಕಾಗಿಯೇ ಈ ಬರಹ.

ಮೂಡಿಗೆರೆಯ ಸೀಮೆಯಲ್ಲಿ ಬಲ್ಲಾಳರಾಯನದುರ್ಗವೆಂಬ ಬೆಟ್ಟದ ಸಾಲುಂಟು. ಅದರ ಮಗ್ಗುಲಿನ ಜಾವಳಿಯೆಂಬ ಊರಿನ ಬಳಿ, ಸುಮಾರು 4,000 ಅಡಿಗಳ ಎತ್ತರದಲ್ಲಿ, ನೆಲವು ಒಸರಿ ಒಂದು ಸಣ್ಣ ಒರತೆ ಹುಟ್ಟುವುದು. ಅದೇ ಹೇಮಾವತಿ. ಕಾಫಿಯ ತೋಟಗಳ ನಡುವೆ ಇಳಿದು, ಸಕಲೇಶಪುರವನ್ನು ಬಳಸಿ, ಗೊರೂರಿನ ಅಣೆಕಟ್ಟೆಯಲ್ಲಿ ತಂಗಿ, ಹೊಳೆನರಸೀಪುರವನ್ನು ಹಾದು, ಕೃಷ್ಣರಾಜಪೇಟೆಯ ತಾಲ್ಲೂಕಿಗೆ ಬಂದು, ಹೇಮಗಿರಿ ಮಂದಗೆರೆಗಳ ಕಟ್ಟೆಗಳಲ್ಲಿ ನಾಲೆಗಳಿಗೆ ನೀರನ್ನು ಹಂಚಿ, ಅಕ್ಕಿಹೆಬ್ಬಾಳನ್ನು ಕಳೆದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡುವ ವೇಳೆಗೆ ಅದು ಸುಮಾರು 245 ಕಿಲೋಮೀಟರು ನಡೆದಿರುವುದು. ಚಂದ್ರದ್ರೋಣ ಪರ್ವತದ ತೆಂಕಣ ಮೈಯಲ್ಲಿ ಬಿದ್ದ ಮಳೆಯಾದರೂ ವ್ಯರ್ಥವಲ್ಲ; ಅದು ಯಗಚಿಯಾಗಿ ಬೇಲೂರನ್ನು ಹಾದು ಗೊರೂರಿನ ಹತ್ತಿರ ಇದೇ ಹೇಮಾವತಿಯನ್ನು ಸೇರುವುದು. ಎಂದ ಮೇಲೆ, ಮುಳ್ಳಯ್ಯನಗಿರಿಯ ದಾರಿಯಲ್ಲಿ ಗಾಡಿಯ ಗಾಜನ್ನಿಳಿಸಿ ಹೊರಕ್ಕೆಸೆದ ಬಾಟಲಿಯು ಯಾವ ನೀರಿನ ದಾರಿಯಲ್ಲಿ ಬಿದ್ದಿತೆಂಬುದನ್ನು ಕೃಷ್ಣರಾಜಪೇಟೆಯವನು ಬೇರೆಯವರಿಂದ ಕೇಳಿ ತಿಳಿಯಬೇಕಾಗಿಲ್ಲ.

ನಾಗಮಂಗಲದ ಬೆದ್ದಲಿಗೆ ನಾಲೆ ಬಂದದ್ದು ಈ ಹೊಳೆಯಿಂದ. ಶ್ರೀರಂಗಪಟ್ಟಣ ಪಾಂಡವಪುರಗಳ ಬತ್ತಕ್ಕೂ ಮಂಡ್ಯದ ಕಬ್ಬಿಗೂ ಆಧಾರವಾದ ಕೃಷ್ಣರಾಜಸಾಗರಕ್ಕೆ ಬರುವ ನೀರಿನಲ್ಲಿ ಇದರ ಪಾಲು ಸಣ್ಣದಲ್ಲ. ಜಿಲ್ಲೆಯ ಪ್ರತಿಯೊಂದು ಮನೆಯಲ್ಲಿಯೂ ಮಳೆಗಾಲದ ಮೂರು ತಿಂಗಳು ಒಂದೇ ಮಾತು: ಕಟ್ಟೆಯಲ್ಲಿ ಎಷ್ಟು ಅಡಿ? ಭರ್ತಿಯ ಅಳತೆ 124.80 ಅಡಿಯೆಂಬುದು ಅಕ್ಷರ ಬಾರದ ಮುದುಕಿಗೂ ಬಾಯಿಪಾಠ. 2023ರಲ್ಲಿ ಮಳೆ ಕೈಕೊಟ್ಟಾಗ ಸೆಪ್ಟೆಂಬರ್ ತಿಂಗಳಿನಲ್ಲಿ ಮಂಡ್ಯವು ಅಂಗಡಿ ಮುಂಗಟ್ಟುಗಳನ್ನು ಮುಚ್ಚಿ ಬೀದಿಗಿಳಿದುದನ್ನು ವಾಚಕರು ಮರೆತಿರಲಾರರು. ಅಂದಿನ ಆಕ್ರೋಶವು ಸಹಜವಾದುದೇ. ನೀರಿಲ್ಲದವನು ಕೂಗದೆ ಮತ್ತೇನು ಮಾಡಬೇಕು? ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಈ ಸೀಮೆಯ ಜನರ ಕಣ್ಣು ಯಾವಾಗಲೂ ಹೊಳೆ ಹರಿಯುವ ದಿಕ್ಕಿಗೇ ನೆಟ್ಟಿರುವುದು. ಕೆಳಗಣವನು ಎಷ್ಟು ಕೊಂಡೊಯ್ದನೆಂಬ ಲೆಕ್ಕವು ಗುಂಜಿಯಷ್ಟೂ ತಪ್ಪದು. ಹೊಳೆ ಬರುವ ದಿಕ್ಕಿಗೆ ತಿರುಗಿ, ಮೇಲಣ ಮಲೆಯು ಹೇಗಿದೆ, ಅದು ಇನ್ನೆಷ್ಟು ದಿನ ಕೊಟ್ಟೀತು ಎಂದು ವಿಚಾರಿಸಿದವರೆಷ್ಟು ಮಂದಿ? ವರ್ಷಕ್ಕೊಮ್ಮೆ ಆ ದಿಕ್ಕಿಗೆ ಹೋಗುವುದು ನಿಜ. ಹೋದಾಗ ಮಾಡುವುದೇನು ಎಂಬುದೇ ಪ್ರಶ್ನೆ.

ಮಲೆಯು ನೀರನ್ನು ಕೊಡುವ ಬಗೆಯನ್ನು ಬಯಲುಸೀಮೆಯವರು ಬಹುಮಟ್ಟಿಗೆ ತಪ್ಪಾಗಿ ತಿಳಿದಿರುವರು. ಮಳೆ ಬಿದ್ದಿತು, ಇಳಿಜಾರಿನಲ್ಲಿ ಹರಿಯಿತು, ಕಟ್ಟೆ ತುಂಬಿತು ಎಂದು ಅವರ ಎಣಿಕೆ. ಹಾಗಿದ್ದರೆ ಮಾಗಿಯಲ್ಲಿಯೂ ಬೇಸಗೆಯಲ್ಲಿಯೂ ಹೊಳೆಯಲ್ಲಿ ನೀರೇ ಇರುತ್ತಿರಲಿಲ್ಲ. ಆ ಬೆಟ್ಟಗಳ ನೆತ್ತಿಯ ಮೇಲೆ ಕಾಣುವುದು ಹುಲ್ಲುಗಾವಲು; ಬೆಟ್ಟದ ಮಡಿಕೆಗಳಲ್ಲಿ ಮಾತ್ರ, ತೊರೆಗಳ ಅಂಚಿನಲ್ಲಿ, ಕುಳ್ಳಾದ ದಟ್ಟವಾದ ಕಾಡು. ಇದಕ್ಕೆ ಶೋಲಾ ಎಂದು ಹೆಸರು. ಮೇಲಣ ಹುಲ್ಲಿನ ಬೇರುಗಳು ಮಳೆಯ ಹೊಡೆತವನ್ನು ತಡೆದು ನೀರನ್ನು ಮಣ್ಣಿಗೆ ಇಳಿಸುವುವು. ಕೆಳಗಣ ಕಾಡಿನ ತರಗು, ಪಾಚಿ, ಬೇರಿನ ಜಾಲಗಳು ಅದನ್ನು ನೆನೆದ ಅರಿವೆಯಂತೆ ಹಿಡಿದಿಟ್ಟುಕೊಂಡು ಹನಿಹನಿಯಾಗಿ ಬಿಡುವುವು. ಆಷಾಢದಲ್ಲಿ ಬಿದ್ದುದು ಮಾಘದಲ್ಲಿಯೂ ಜಿನುಗುವುದು ಇದರಿಂದಲೇ. ಮರವಿಲ್ಲದ ಹುಲ್ಲಿನ ಗುಡ್ಡವನ್ನು ಕಂಡು ‘ಬೋಳು ಗುಡ್ಡ’ವೆಂದು ಹಳಿಯುವವರು ಬಂಗಾರದ ತಟ್ಟೆಯನ್ನು ಕಂಡು ಅದರಲ್ಲಿ ಅನ್ನವಿಲ್ಲವೆಂದು ಮೂಗು ಮುರಿದಂತೆ.

ಅಂತಹ ಹುಲ್ಲಿನ ಮೇಲೆ ಈಗ ನಡೆಯುತ್ತಿರುವುದೇನು? ಬಾಡಿಗೆಯ ಜೀಪುಗಳು ರಸ್ತೆಯಿಲ್ಲದೆಡೆಯಲ್ಲಿಯೇ ಏರಬೇಕೆಂದು ಬಂದವರು ಹಠ ಹಿಡಿಯುವರು. ಕುಲುಕಾಡಿದಷ್ಟೂ ಕೊಟ್ಟ ಹಣಕ್ಕೆ ಬೆಲೆ ಬಂದಂತೆ! ಚಕ್ರವು ಒಮ್ಮೆ ಹೋದಲ್ಲಿ ಹುಲ್ಲು ಬಾಗುವುದು, ನೂರು ಸಲ ಹೋದಲ್ಲಿ ಸಾಯುವುದು. ಬರಿದಾದ ಜಾಡು ಮೊದಲ ಮಳೆಗೆ ಕಾಲುವೆಯಾಗುವುದು, ಎರಡನೆಯ ವರ್ಷಕ್ಕೆ ಕೊರಕಲಾಗುವುದು. ಮಣ್ಣಿಗೆ ಇಳಿಯಬೇಕಾದ ನೀರು ಮಣ್ಣನ್ನೇ ಹೊತ್ತುಕೊಂಡು ಓಡುವುದು. ಹಾಗೆ ಓಡಿದ ಹೂಳು ಕೊನೆಗೆ ತಂಗುವುದು ಜಲಾಶಯದ ತಳದಲ್ಲಿ. ಗೊರೂರಿನ ಕಟ್ಟೆಯನ್ನು ಮುಗಿಸಿದ್ದು 1979ರಲ್ಲಿ. ಅದರ ಹೊಟ್ಟೆಯನ್ನು ಮಣ್ಣಿನಿಂದ ತುಂಬಿಸುವ ಕೆಲಸದಲ್ಲಿ ಅದರ ನೀರನ್ನುಣ್ಣುವವರೇ ಹಣ ಕೊಟ್ಟು ಕೈಗೂಡಿಸುತ್ತಿರುವರೆಂದರೆ ನಗಬೇಕೊ ಅಳಬೇಕೊ ತಿಳಿಯದು.

2022ರಲ್ಲಿ ಚಂದ್ರದ್ರೋಣದ ಇಳಿಜಾರುಗಳಲ್ಲಿ ಕುರಿಂಜಿ ಅರಳಿದಾಗ ಇದು ಕಣ್ಣಿಗೆ ಕಟ್ಟಿದಂತೆ ಕಂಡಿತು. ಹತ್ತು ಹನ್ನೆರಡು ವರ್ಷ ಮೌನವಾಗಿ ಬೆಳೆದು, ಒಂದೇ ಸಲ ಹೂ ಬಿಟ್ಟು, ಬೀಜ ಚೆಲ್ಲಿ ಸಾಯುವ ಗಿಡವದು. ಬೀಜವು ನೆಲಕ್ಕೆ ಬಿದ್ದರೆ ಮಾತ್ರ ಮುಂದಿನ ಪೀಳಿಗೆ. ಜನ ಸಾವಿರಗಟ್ಟಲೆ ಬಂದರು, ಸಂತೋಷವೇ. ಆದರೆ ದೂರದಿಂದ ನೋಡಿ ತಣಿಯದೆ ಹೂವಿನ ನಡುವೆ ನುಗ್ಗಿ, ಒರಗಿ, ಮಲಗಿ, ಕಿತ್ತು ಕೈಯಲ್ಲಿ ಹಿಡಿದು ಚಿತ್ರ ತೆಗೆಸಿಕೊಂಡವರೆಷ್ಟೊ! ದೇವರಿಗೆ ಏರಿಸುವ ಹೂವನ್ನು ಮೂಸಿ ನೋಡಬಾರದೆಂದು ಮಕ್ಕಳಿಗೆ ಹೇಳಿಕೊಡುವ ಮನೆಗಳಿಂದಲೇ ಅವರೂ ಬಂದವರಲ್ಲವೆ? ಬೆಳಗ್ಗೆ ಹಾಸಿಗೆಯಿಂದೆದ್ದು ನೆಲಕ್ಕೆ ಕಾಲಿಡುವ ಮೊದಲು ಭೂದೇವಿಯ ಕ್ಷಮೆಯನ್ನು ಬೇಡುವುದು ಈ ನಾಡಿನ ಎಷ್ಟೋ ಮನೆಗಳ ಆಚಾರ. ಮನೆಯ ಸಿಮೆಂಟಿನ ನೆಲಕ್ಕೆ ಕ್ಷಮೆ ಬೇಡಿ, ಬೆಟ್ಟದ ನೆತ್ತಿಯನ್ನು ಬೂಟುಗಾಲಿನಿಂದ ಒರಸುವುದು ಯಾವ ಆಚಾರ?

ಚಹದ ತೋಟದ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಆಡಬೇಕು. ಈ ಸೀಮೆಯಲ್ಲಿ ಮನೆಮನೆಗೂ ಕಾಫಿಯೇ ಪಾನವಾಗಿದ್ದರೂ, ಕಾಫಿಯ ತೋಟವು ಸಂಚಾರಿಗಳಿಗೆ ಹಿಡಿಸುವುದಿಲ್ಲ. ಅದು ಮರಗಳ ನೆರಳಿನಲ್ಲಿ ಕತ್ತಲೆಗಟ್ಟಿರುವುದು, ಚಿತ್ರಕ್ಕೆ ಒದಗದು. ಚಹದ ತೋಟವಾದರೊ ಹಸುರು ಕಂಬಳಿಯನ್ನು ಹಾಸಿದಂತೆ. ‘ಎಂತಹ ಪ್ರಕೃತಿ!’ ಎಂದು ಅಲ್ಲಿ ಉದ್ಗರಿಸದೆ ಬಂದವರಿಲ್ಲ. ಅದು ಪ್ರಕೃತಿಯೇ ಅಲ್ಲವೆಂದು ಅವರಿಗೆ ಯಾರು ಹೇಳಬೇಕು? ಚಹವು ಸ್ವಭಾವದಿಂದ ಮರ. ಬಿಟ್ಟರೆ ಇಪ್ಪತ್ತು ಮೂವತ್ತಡಿ ಬೆಳೆಯುವುದು. ಅದನ್ನು ಸೊಂಟದೆತ್ತರಕ್ಕೆ ಕತ್ತರಿಸಿ ಕತ್ತರಿಸಿ, ಎಳೆಯ ಎರಡೆಲೆಯನ್ನೂ ಒಂದು ಕುಡಿಯನ್ನೂ ಎಡೆಬಿಡದೆ ಚಿವುಟಿ ಚಿವುಟಿ, ಎಂದೂ ಮರವಾಗದಂತೆ ಮಾಡಿದ ಮೇಲೆ ಆ ಕಂಬಳಿಯು ಸಿದ್ಧವಾಗುವುದು. ಒಂದೇ ಜಾತಿಯ ಗಿಡವು ಗುಡ್ಡವನ್ನೆಲ್ಲ ಹೊದೆಯಬೇಕಾದರೆ, ಅಲ್ಲಿ ಮೊದಲಿದ್ದ ನೂರು ಜಾತಿಯ ಗಿಡಬಳ್ಳಿಗಳು ಹೋಗಿರಲೇಬೇಕು. ತೋಟ ಬೇಡವೆಂಬುದು ಇಲ್ಲಿನ ವಾದವಲ್ಲ. ಬತ್ತದ ಗದ್ದೆಯೂ ಮನುಷ್ಯನು ಮಾಡಿದ್ದೇ; ದುಡಿಮೆಯಿಂದಾದುದೆಂಬ ಗೌರವ ಅದಕ್ಕುಂಟು. ವಾದವೇನೆಂದರೆ, ದುಡಿಮೆಯನ್ನು ದುಡಿಮೆಯೆಂದೂ ಕಾಡನ್ನು ಕಾಡೆಂದೂ ಗುರುತಿಸಲಾರದ ಕಣ್ಣು ಎರಡಕ್ಕೂ ಅನ್ಯಾಯ ಮಾಡುವುದು. ಪಕ್ಕದ ಹುಲ್ಲುಗುಡ್ಡವನ್ನು ‘ಏನೂ ಇಲ್ಲ’ವೆಂದು ತುಳಿದು, ತೋಟವನ್ನು ವನದೇವತೆಯೆಂದು ಹೊಗಳುವವನು, ಬೆನ್ನಿಗೆ ಚೀಲವನ್ನು ಕಟ್ಟಿಕೊಂಡು ಜಿಗಣೆಗಳ ನಡುವೆ ಮಳೆಯಲ್ಲಿ ನಿಂತು ಎಲೆ ಬಿಡಿಸುವ ಹೆಂಗಸನ್ನು ಕಂಡರೆ ‘ಸ್ವಲ್ಪ ಈ ಕಡೆ ನಿಲ್ಲಮ್ಮ, ಚಿತ್ರದಲ್ಲಿ ಬರಲಿ’ ಎನ್ನುವನು. ಅವನದೇ ಊರಿನ ಗದ್ದೆಯಲ್ಲಿ ನಾಟಿಯ ಹೆಂಗಸರಿಗೆ ಯಾರಾದರೂ ಹಾಗೆಂದರೆ ಬಡಿಗೆ ಹಿಡಿಯುವವನೂ ಅವನೇ.

ಇದಕ್ಕೆ ಪ್ರತಿಯಾಗಿ ಹೇಳುವವರಿಲ್ಲವೆಂದಲ್ಲ. ಮಲೆನಾಡಿನ ಎಷ್ಟೋ ಕುಟುಂಬಗಳಿಗೆ ಈಗ ಜೀವನವೇ ಪ್ರವಾಸಿಗಳು; ಕಾಫಿಯ ಬೆಲೆ ಬಿದ್ದ ವರ್ಷಗಳಲ್ಲಿ, ಮೆಣಸಿನ ಬಳ್ಳಿಗೆ ರೋಗ ಬಂದ ವರ್ಷಗಳಲ್ಲಿ ಮನೆಯ ಎರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟೇ ಮಕ್ಕಳನ್ನು ಓದಿಸಿದವರುಂಟು ಎನ್ನುವರು. ಇದು ಸತ್ಯ, ಒಪ್ಪಲೇಬೇಕು. ಆದರೆ ಮನೆಯೊಳಗೆ ಅತಿಥಿಯಾಗಿ ಉಂಡು ಮಲಗಿ ಹೋಗುವವನ ಹಣವೂ, ರಸ್ತೆಯ ಬದಿಯಲ್ಲಿಯೇ ಉಂಡು ಎಲೆಯನ್ನೂ ಸೀಸೆಯನ್ನೂ ತೊರೆಗೆ ಎಸೆದು ಹೋಗುವವನ ಹಣವೂ ಒಂದೇ ಅಲ್ಲ. ಎರಡನೆಯವನು ಕೊಟ್ಟದ್ದು ಪೆಟ್ರೋಲಿನ ಅಂಗಡಿಗೆ, ಬಿಟ್ಟದ್ದು ಊರಿನವರಿಗೆ. ಆ ಕಸವನ್ನು ಹೆಕ್ಕಬೇಕಾದ್ದು ಹತ್ತಾರು ಮೈಲಿ ಚದರಿದ ಮನೆಗಳ ಒಂದು ಬಡ ಗ್ರಾಮಪಂಚಾಯತಿ.

ಮತ್ತೆ ಕೆಲವರು ಕುದುರೆಮುಖದ ದೃಷ್ಟಾಂತವನ್ನು ತರುವರು. ಅಲ್ಲಿ ಕಬ್ಬಿಣದ ಅದುರಿಗಾಗಿ 1976ರಲ್ಲಿ ಕಂಪೆನಿ ಹುಟ್ಟಿತು, ಬೆಟ್ಟವನ್ನೇ ಅಗೆದರು, ಭದ್ರೆಯ ನೀರು ಕೆಂಪಾಯಿತು; ಅದರ ಮುಂದೆ ಪ್ರವಾಸಿಗಳ ಕಸ ಯಾವ ಲೆಕ್ಕವೆಂದು ಅವರ ಮಾತು. ಗಣಿಯ ಕೇಡು ದೊಡ್ಡದೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಗಣಿಗೊಂದು ವಿಳಾಸವಿತ್ತು, ಒಂದು ಬಾಗಿಲಿತ್ತು. ಅದರ ಮೇಲೆ ದೂರು ಕೊಡಬಹುದಾಗಿತ್ತು, ಕೊಟ್ಟರು. ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ತೀರ್ಪು ಕೊಟ್ಟು, 2005ರ ಕೊನೆಗೆ ಅಗೆತವು ನಿಂತಿತು. ಒಬ್ಬೊಬ್ಬನೂ ಒಂದೊಂದು ಹಿಡಿಯಷ್ಟು ಕೆಡಿಸಿ ಹೋಗುವ ಲಕ್ಷ ಮಂದಿಗೆ ಯಾವ ವಿಳಾಸ? ಯಾವ ನ್ಯಾಯಾಲಯವು ಯಾರ ಬಾಗಿಲಿಗೆ ಬೀಗ ಹಾಕಬೇಕು?

ಇನ್ನು ಮೂರನೆಯ ಪಂಗಡದವರು, ಬೆಟ್ಟಗಳನ್ನೇ ಮುಚ್ಚಿಬಿಡಿ, ಒಬ್ಬರನ್ನೂ ಬಿಡಬೇಡಿ ಎನ್ನುವರು. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಕಿಕ್ಕಿರಿದಾಗ ಅರಣ್ಯ ಇಲಾಖೆಯು ಚಾರಣವನ್ನು ನಿಲ್ಲಿಸಿ, ಬಳಿಕ ಮುಂಗಡ ನೋಂದಣಿಯ ಕಟ್ಟಳೆಯನ್ನು ತಂದಿತು. ಮುಳ್ಳಯ್ಯನಗಿರಿಗೂ 2025ರಲ್ಲಿ ಅಂತಹುದೇ ಕ್ರಮ ಬಂದಿತು. ಇಷ್ಟು ಅಗತ್ಯವೇ. ಆದರೆ ಕಟ್ಟಳೆಯು ಗಾಡಿಗಳನ್ನು ಎಣಿಸಬಲ್ಲುದು, ಗಾಡಿಯೊಳಗಿರುವವನ ಬುದ್ಧಿಯನ್ನು ಎಣಿಸಲಾರದು. ಮೇಲಾಗಿ, ಕಾಣದ ಬೆಟ್ಟದ ಪರವಾಗಿ ಯಾರೂ ಮಾತಾಡರು. ಬಯಲಿನ ಮಕ್ಕಳು ಹೇಮಾವತಿಯ ತಲೆಯನ್ನು ಕಣ್ಣಾರೆ ಕಾಣದೆ ಬೆಳೆದರೆ, ನಾಳೆ ಅಲ್ಲಿಗೆ ಬರುವ ಇನ್ನೊಂದು ಗಣಿಯನ್ನೊ ಹೆದ್ದಾರಿಯನ್ನೊ ತಡೆಯಲು ಕೃಷ್ಣರಾಜಪೇಟೆಯಿಂದ ಒಂದು ಕಾಗದವೂ ಹೋಗದು. ಹೋಗಬೇಕು, ಹೋಗುವುದನ್ನು ಕಲಿತು ಹೋಗಬೇಕು.

2019ರ ಆಗಸ್ಟಿನಲ್ಲಿ ಅದೇ ಮೂಡಿಗೆರೆಯ ಸೀಮೆಯ ಮಲೆಮನೆ, ಮಧುಗುಂಡಿ ಮೊದಲಾದ ಊರುಗಳಲ್ಲಿ ಗುಡ್ಡಗಳು ಕುಸಿದು ಮನೆ ತೋಟಗಳು ಮಣ್ಣಿನಡಿಯಾದುವು. ಚಾರ್ಮಾಡಿಯ ಘಟ್ಟವನ್ನೂ ಮುಚ್ಚಬೇಕಾಯಿತು. ಅದಕ್ಕೆ ಪ್ರವಾಸಿಗಳೇ ಕಾರಣವೆಂದರೆ ಅನ್ಯಾಯವಾದೀತು. ಬಿದ್ದ ಮಳೆಯೇ ಅಂತಹುದು. ಆದರೆ ಇಳಿಜಾರನ್ನು ಕಡಿದು ದಾರಿ ಮಾಡಿದಲ್ಲಿ, ನೋಟ ಚೆನ್ನಾಗಿದೆಯೆಂದು ಅಂಚಿನಲ್ಲಿಯೇ ಕಟ್ಟಡವೆಬ್ಬಿಸಿದಲ್ಲಿ ಮಣ್ಣಿನ ಹಿಡಿತ ಸಡಿಲುವುದೆಂಬುದು ನಿರ್ವಿವಾದ. ಆ ಕಟ್ಟಡಗಳು ಏಳುವುದು ಅಲ್ಲಿಯವರಿಗಾಗಿ ಅಲ್ಲ.

ಕಾಳಿದಾಸನ ಮೇಘದೂತವನ್ನು ಪಾಠಶಾಲೆಯಲ್ಲಿ ಓದಿದವರಿಗೆ ಆಮ್ರಕೂಟದ ಪ್ರಸಂಗ ನೆನಪಿರಬಹುದು. ದಾರಿ ನಡೆದು ದಣಿದ ಮೇಘವನ್ನು ಆ ಪರ್ವತವು ತಲೆಯ ಮೇಲೆ ಹೊತ್ತು ಉಪಚರಿಸುವುದೆಂದು ಯಕ್ಷನು ಹೇಳುವನು. ಏಕೆ? ಮೇಘವು ಮೊದಲೇ ಮಳೆ ಸುರಿಸಿ ಅದರ ಕಾಳ್ಗಿಚ್ಚನ್ನು ಆರಿಸಿರುವುದರಿಂದ. ಮುಂದೆ ನರ್ಮದೆಯ ನೀರನ್ನು ಕುಡಿಯುವಾಗಲೂ ಅದು ಕೊಟ್ಟು ಬರಿದಾದ ಮೇಲೆಯೇ ಕುಡಿಯುವುದು. ಸಂಚಾರಿಯೆಂದರೆ ಹೀಗೆ. ಒಂದು ಉಪಕಾರವನ್ನೂ ಮಾಡದೆ ಬೆಟ್ಟದ ತಲೆಯ ಮೇಲೆ ಏರಿ ಕೂರುವವನಿಗೂ ಆ ಮೇಘಕ್ಕೂ ಎಲ್ಲಿಯ ಹೋಲಿಕೆ? ಕಾಳ್ಗಿಚ್ಚನ್ನು ಆರಿಸುವುದಿರಲಿ, ಮಾಘ ಫಾಲ್ಗುನಗಳ ಒಣಹುಲ್ಲಿನಲ್ಲಿ ಉರಿಯುವ ಬೀಡಿಯ ತುಂಡನ್ನು ಎಸೆಯದೆ ಬಂದರೆ ಈಗ ಅದೇ ದೊಡ್ಡ ಉಪಕಾರ.

ಈ ಎರಡು ಸೀಮೆಗಳ ನಂಟು ನೀರಿನದು ಮಾತ್ರವೂ ಅಲ್ಲ. ಮೂಡಿಗೆರೆಯ ತಾಲ್ಲೂಕಿನಲ್ಲಿಯೇ ಅಂಗಡಿಯೆಂಬ ಸಣ್ಣ ಊರಿದೆ. ಶಾಸನಗಳ ಸೊಸೆವೂರು ಅದೇ, ಹೊಯ್ಸಳರ ಮೂಲಸ್ಥಾನ. ಹಾಳಾದ ಬಸದಿಗಳೂ ವಾಸಂತಿಕಾದೇವಿಯ ಗುಡಿಯೂ ಅಲ್ಲಿವೆ. ಮಲೆಪರೊಳ್ಗಂಡರೆಂದು ಬಿರುದು ಹೊತ್ತ ಆ ವಂಶದವರು ಮಲೆಯಿಂದ ಬಯಲಿಗೆ ಇಳಿದು, ಯಗಚಿಯ ದಡದಲ್ಲಿ ಬೇಲೂರನ್ನು ಕಟ್ಟಿ, ನೀರು ಹರಿದ ದಿಕ್ಕಿಗೇ ತಮ್ಮ ರಾಜ್ಯವನ್ನೂ ಹರಿಸಿದರು. ಆ ಹರಿವಿನಲ್ಲಿ ತೇಲಿಬಂದ ಹೂವೇ, ವೀರಸೋಮೇಶ್ವರನ ಕಾಲದಲ್ಲಿ, ಸುಮಾರು 1238ರಲ್ಲಿ ಗೋವಿಂದನಹಳ್ಳಿಯಲ್ಲಿ ಎದ್ದುನಿಂತ ಪಂಚಲಿಂಗೇಶ್ವರನ ಗುಡಿ. ಒಂದೇ ಸಾಲಿನಲ್ಲಿ ಐದು ಗರ್ಭಗೃಹಗಳು, ಐದು ಶಿಖರಗಳು. ಹೊಯ್ಸಳರ ಗುಡಿಗಳಲ್ಲಿ ಇಂತಹ ಪಂಚಕೂಟ ಅತಿ ವಿರಳ. ಬಾಗಿಲು ಕಾಯುವ ದ್ವಾರಪಾಲಕರ ಕೆಳಗೆ ರೂವಾರಿ ಮಲ್ಲಿತಮ್ಮನ ಹೆಸರಿದೆ. ಮುಂದೆ ಸೋಮನಾಥಪುರದ ಗುಡಿಯಲ್ಲಿಯೂ ಕೆಲಸ ಮಾಡಿದವನೇ ಅವನು. ಶನಿವಾರ ಮುಂಜಾನೆ ಹೊರಡುವ ಗಾಡಿಗಳಲ್ಲಿ ಈ ಗುಡಿಯ ಬಾಗಿಲಲ್ಲಿ ಒಂದು ನಿಮಿಷ ನಿಂತು ಹೊರಟವೆಷ್ಟು? ಅಂಗಡಿಯ ದಾರಿಗೆ ತಿರುಗಿದವೆಷ್ಟು? ಹೊಳೆಯ ಒಂದು ತುದಿಯಲ್ಲಿ ಅರಸರ ತವರು, ನಡುವೆ ಬೇಲೂರು, ಕೆಳಗೆ ತಮ್ಮದೇ ಊರಿನ ಐದು ಶಿಖರ. ಇಷ್ಟು ದೊಡ್ಡ ಕಥೆಯ ಮೇಲೆ ಗಾಡಿ ಓಡಿಸಿಕೊಂಡು ಹೋಗಿ, ಮಂಜಿನಲ್ಲಿ ಹಲ್ಲು ತೋರಿಸುವ ಚಿತ್ರವೊಂದನ್ನು ತಂದರೆ, ಅದನ್ನು ಪ್ರವಾಸವೆಂದು ಕರೆಯುವುದು ಹೇಗೆ?

ಮಾಗಿಯ ತಿಂಗಳುಗಳಲ್ಲಿ ಜಿಲ್ಲೆಯ ಶಾಲೆಗಳು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವುವು. ಉದ್ಯಾನ, ಮೃಗಾಲಯ, ನೀರಿನಾಟದ ಮೈದಾನ, ಇವು ವರ್ಷವರ್ಷವೂ ಪಟ್ಟಿಯಲ್ಲಿರುವುವು. ಅದರಲ್ಲಿ ಒಂದು ದಿನವನ್ನು ಜಾವಳಿಗೆ ಕೊಡಬಾರದೆ? ಹೇಮಗಿರಿಯ ಕಟ್ಟೆಯಲ್ಲಿ ಹೊರಟು, ಗೊರೂರಿನಲ್ಲಿ ಇಳಿದು ನೋಡಿ, ಸಕಲೇಶಪುರದ ಸೇತುವೆಯನ್ನು ದಾಟಿ, ಕೊನೆಗೆ ಆ ಒರತೆಯ ಮುಂದೆ ಮಕ್ಕಳನ್ನು ನಿಲ್ಲಿಸಬಹುದು. ಕೆಳಗೂರಿನ ತೋಟವನ್ನೂ ತೋರಿಸಬಹುದು, ಎಲೆ ಬಿಡಿಸುವ ಹೆಂಗಸರು ಬೆಳಗ್ಗೆ ಎಷ್ಟು ಗಂಟೆಗೆ ಬರುವರೆಂದು ಮಕ್ಕಳೇ ಕೇಳಲಿ. ಹತ್ತಿರದಲ್ಲಿಯೇ ಇರುವ ಚಾರ್ಮಾಡಿಯ ನೆತ್ತಿಯಲ್ಲಿ ನಿಲ್ಲಿಸಿ, ಈ ಕಡೆ ಬಿದ್ದ ಹನಿ ಕಾವೇರಿಗೆ, ಆ ಕಡೆ ಬಿದ್ದ ಹನಿ ನೇತ್ರಾವತಿಗೆ ಎಂದು ಕೈ ತೋರಿಸಿ ಹೇಳಬಹುದು. ಭೂಗೋಳದ ಪುಸ್ತಕದಲ್ಲಿ ಜಲವಿಭಾಜಕವೆಂಬ ಮಾತನ್ನು ಉರುಹೊಡೆದ ಹುಡುಗನಿಗೆ ಅದು ಕಾಲ ಕೆಳಗೇ ಇರುವುದೆಂದು ಆಗ ತಿಳಿದೀತು. ತೆಗೆದುಕೊಂಡು ಹೋದ ಬುತ್ತಿಯ ಕಾಗದ, ಚೀಲ, ಸೀಸೆಗಳು ಅದೇ ಗಾಡಿಯಲ್ಲಿ ಹಿಂದಿರುಗಬೇಕು. ಇದನ್ನು ನೋಡಿಕೊಳ್ಳುವ ಹೊಣೆ ಮಕ್ಕಳದಲ್ಲ, ಜೊತೆಗೆ ಹೋದ ಉಪಾಧ್ಯಾಯರದು.

ದೊಡ್ಡವರ ವಿಷಯದಲ್ಲಿ ಇಷ್ಟು ಸುಲಭವಲ್ಲ. ಸೋಮವಾರದ ಬೆಳಗ್ಗೆ ಊರೂರುಗಳಲ್ಲಿ ಮನೆಯ ಮುಂದೆ ಗಾಡಿಯನ್ನು ನಿಲ್ಲಿಸಿ, ಕೊಳವೆ ಹಿಡಿದು, ಚಕ್ರಕ್ಕೆ ಮೆತ್ತಿದ ಮಲೆನಾಡಿನ ಕೆಂಪು ಮಣ್ಣನ್ನು ತೊಳೆಯುವುದು ಕಾಣುವುದು. ತೊಳೆಯುವ ನೀರು ಎಲ್ಲಿಯದೆಂದು ಅಲ್ಲಿ ನಿಂತವರನ್ನು ಕೇಳಿದರೆ ‘ನಲ್ಲಿಯದು’ ಎಂದೇ ಉತ್ತರ ಬರುವುದು.